ವೈಲ್ಡ್ ಕೋಸ್ಟ್: ಓಷಿಯಾನೋಸ್ ಮುಳುಗಿದ ಕಡಲೆದುರು

ದಕ್ಷಿಣ ಆಫ್ರಿಕಾದ ಡರ್ಬನ್ ಬಿಟ್ಟು ದಕ್ಷಿಣಕ್ಕೆ ಹೊರಟರೆ ಎನ್2 ಹೆದ್ದಾರಿ ಪೋರ್ಟ್ ಶೆಪ್‌ಸ್ಟೋನ್‌ವರೆಗೆ ಕಡಲ ಪಕ್ಕದಲ್ಲೇ ಸಾಗುತ್ತದೆ. ಅಲ್ಲಿಂದ ಒಳನಾಡಿನ ಬೆಟ್ಟಗಳತ್ತ ತಿರುಗಿಬಿಡುತ್ತದೆ. ಮುಂದಿನ ಕರಾವಳಿಗೆ ವೈಲ್ಡ್ ಕೋಸ್ಟ್ ಎಂದು ಹೆಸರು. ಅದರ ಗುಂಟ ನೇರವಾಗಿ ಹೋಗುವ ಹೆದ್ದಾರಿ ಇಲ್ಲ. ನದಿಗಳು ಕೊರೆದ ಆಳ ಕಣಿವೆಗಳು, ಬೋಳು ಹಸಿರು ಗುಡ್ಡಗಳು, ನೆಟ್ಟಗೆ ಕಡಲಿಗೆ ಇಳಿಯುವ ಬಂಡೆಗಳು. ಡರ್ಬನ್ ಬಿಟ್ಟ ದೊಡ್ಡ ಹಡಗಿಗೆ ಈಸ್ಟ್ ಲಂಡನ್ ಎಂಬ ಬಂದರು ಊರು ಸಿಗುವ ತನಕ ನಡುವೆ ಆಶ್ರಯಕ್ಕೆ ಒಂದು ಬಂದರೂ ಇಲ್ಲ. 1991ರ ಆಗಸ್ಟ್‌ನಲ್ಲಿ ಓಷಿಯಾನೋಸ್ ಎಂಬ ಹಡಗು ಮುಳುಗಿದ್ದು ಇಂಥ ಜಾಗದ ಎದುರು. ಅದರಲ್ಲಿದ್ದ 571 ಜನರಲ್ಲಿ ಒಬ್ಬರೂ ಸಾಯಲಿಲ್ಲ. ಆ ಕಡಲನ್ನು ದಡದಲ್ಲಿ ನಿಂತು ನೋಡಬೇಕೆಂಬ ಆಸೆ ನನಗೆ ಬಹಳ ಕಾಲದಿಂದ ಇತ್ತು.

ಡರ್ಬನ್‌ನಲ್ಲಿ ಕೆಲಸದಲ್ಲಿರುವ ಭಾವನೇ ಕಾರು ಓಡಿಸುತ್ತಿದ್ದರು. ಅಕ್ಕ ಮುಂದೆ, ನಾನು ಮತ್ತು ನನ್ನ ಹೆಂಡತಿ ಹಿಂದೆ. "ಅಲ್ಲ ಮಾರಾಯ, ಟೈಟಾನಿಕ್ ಗೊತ್ತು, ಇದ್ಯಾವುದು ನಾನು ಕೇಳೇ ಇಲ್ಲವಲ್ಲ? ಇಷ್ಟು ವರ್ಷದಿಂದ ಇಲ್ಲೇ ಇದ್ದೀನಿ" ಎಂದರು. "ಎಲ್ಲರೂ ಬದುಕಿದರು ಭಾವ, ಅದಕ್ಕೇ ಇರಬೇಕು" ಎಂದೆ. ನನಗೆ ನಿಜಕ್ಕೂ ಹಾಗೇ ಅನಿಸುತ್ತದೆ. ಸಾವು ಇದ್ದರೆ ಹಡಗಿಗೆ ಸ್ಮಾರಕ ಏಳುತ್ತದೆ, ಜನರನ್ನು ಉಳಿಸಿದ ಶ್ರಮ ಬೇಗ ಮರೆತುಹೋಗುತ್ತದೆ.

ಉಮ್ತಾಟಾ ತಲುಪುವಾಗ ಸಂಜೆ. ಈಗ ಊರಿನ ಹೆಸರನ್ನು ಮ್ತಾಥಾ ಎಂದು ಬರೆಯುತ್ತಾರೆ. ಇದು ಹಿಂದಿನ ಟ್ರಾನ್ಸ್‌ಕೈನ ರಾಜಧಾನಿ. ವರ್ಣಭೇದದ ಸರ್ಕಾರ ಕಪ್ಪು ಜನರನ್ನು ಬೇರೆ ಇಡಲೆಂದೇ ಗೆರೆ ಎಳೆದು, ಸ್ವತಂತ್ರ ದೇಶ ಎಂದು ಕರೆದ ಪ್ರದೇಶ ಅದು. ಹಡಗು ಮುಳುಗಿದಾಗಲೂ ಕಾಗದದ ಮೇಲೆ ಅದು ಬೇರೆ ದೇಶವೇ, ಬಂಟು ಹೊಲೊಮಿಸಾ ಅಲ್ಲಿನ ಸೇನಾ ಆಡಳಿತಗಾರ. ಮರುದಿನ ಬೆಳಿಗ್ಗೆ ವೀಡ್ಜಸ್‌ವಿಲ್ ಹತ್ತಿರ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದೆವು. ಅಲ್ಲಿಂದ ಕಾಫಿ ಬೇ ಸುಮಾರು 80 ಕಿ.ಮೀ. ದಾರಿಯ ತುಂಬ ಗುಂಡಿ, ಗುಂಡಿಯ ಪಕ್ಕ ಮೇಕೆ, ಮೇಕೆ ಹೋದರೆ ದನ. ಗುಡ್ಡದ ಮೇಲೆಲ್ಲ ಹುಲ್ಲುಚಾವಣಿಯ ದುಂಡು ಮನೆಗಳು. ಗೋಡೆಗೆ ನೀಲಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣ. ಬೇಲಿಯಿಲ್ಲ, ಬೀದಿಯಿಲ್ಲ, ಒಂದೊಂದು ಮನೆಯೂ ತನ್ನ ಗುಡ್ಡದ ಮೇಲೆ ತಾನಿದೆ. ನನ್ನ ಹೆಂಡತಿ ಅರ್ಧ ದಾರಿ ಕಾರಿನ ಕಿಟಕಿ ಇಳಿಸಿಯೇ ಕೂತಿದ್ದಳು.

ಕಾಫಿ ಬೇ ಸಣ್ಣ ಊರು. ಯಾವುದೋ ಹಡಗು ಒಡೆದು ಕಾಫಿ ಬೀಜ ದಡಕ್ಕೆ ಬಂದು ಬಿದ್ದಿತ್ತಂತೆ, ಅದಕ್ಕೆ ಆ ಹೆಸರು ಎಂದು ಕತೆ ಹೇಳುತ್ತಾರೆ. ಅಲ್ಲಿಂದ ಹೋಲ್ ಇನ್ ದ ವಾಲ್ ಎಂಬ ತೂತುಬಂಡೆಗೆ ಗುಡ್ಡದ ಅಂಚಿನ ಮೇಲೆ ನಡೆದು ಹೋಗಬಹುದು, ಮೂರು ತಾಸಿನ ಹಾದಿ. ಊರಿನ ಒಬ್ಬ ಹುಡುಗ ದಾರಿ ತೋರಿಸಲು ಬಂದ. ಅಕ್ಕ ಮಂಡಿನೋವೆಂದು ಕಾರಿನಲ್ಲೇ ಬರುತ್ತೇನೆಂದಳು, ಭಾವನೂ ಅವಳ ಜೊತೆ ಹೊರಟರು.

ಆಗಸ್ಟ್ ಅಲ್ಲಿ ಚಳಿಗಾಲದ ಕೊನೆ. ಬಿಸಿಲಿದ್ದರೂ ಗಾಳಿ ಕಿವಿ ಕೊರೆಯುತ್ತದೆ. ಕೆಳಗೆ ಮರಳಿನ ಮೇಲೆ ದನಗಳು ಅಲೆಯ ಅಂಚಿಗೇ ಬಂದು ಮಲಗಿದ್ದವು. ಮೈಮೇಲೆ ಚುಕ್ಕೆ ಎರಚಿದಂಥ ಬಣ್ಣದ ನಗುನಿ ತಳಿಯವು. ಒಂದು ಹೋರಿ ಮೊಣಕಾಲವರೆಗೆ ನೀರಲ್ಲಿ ನಿಂತು ಮೆಲುಕು ಹಾಕುತ್ತಿತ್ತು, ಅಲೆ ಬಂದು ಹೊಟ್ಟೆಗೆ ಬಡಿದರೂ ಅದು ಕದಲಲಿಲ್ಲ. ದೂರದಲ್ಲಿ ತಿಮಿಂಗಿಲಗಳು ನೀರು ಚಿಮ್ಮಿಸುತ್ತ ಉತ್ತರಕ್ಕೆ ಹೋಗುತ್ತಿದ್ದವು.

ಇಷ್ಟು ಚಂದದ ಕಡಲು ಹಡಗಿನವರಿಗೆ ಕೆಟ್ಟ ಕಡಲು. ಅಗುಲ್ಹಾಸ್ ಪ್ರವಾಹ ಇಲ್ಲಿ ನೈಋತ್ಯದ ಕಡೆಗೆ ರಭಸದಿಂದ ಓಡುತ್ತದೆ. ಎದುರಿನಿಂದ, ಅಂದರೆ ನೈಋತ್ಯದಿಂದ ಬಿರುಗಾಳಿ ಎದ್ದರೆ ಅದು ತಳ್ಳಿದ ಅಲೆಗಳಿಗೆ ಈ ಪ್ರವಾಹ ಡಿಕ್ಕಿ ಹೊಡೆದು, ಅಲೆಗಳು ಒತ್ತೊತ್ತಾಗಿ ಕಡಿದಾಗಿ ಮೇಲೇಳುತ್ತವೆ. 1909ರಲ್ಲಿ ಡರ್ಬನ್‌ನಿಂದ ಹೊರಟ ವಾರಾಟಾ ಎಂಬ ಹಬೆ ಹಡಗು 211 ಜನರೊಂದಿಗೆ ಈ ಕರಾವಳಿಯಲ್ಲೆಲ್ಲೋ ಕಾಣೆಯಾಯಿತು, ಇವತ್ತಿಗೂ ಸಿಕ್ಕಿಲ್ಲ. ಇನ್ನೂ ಹಿಂದೆ, ಮದ್ರಾಸಿನಿಂದ ಟ್ರಿಂಕೋಮಲಿ ಮೂಲಕ ಇಂಗ್ಲೆಂಡಿಗೆ ಮರಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಗ್ರೋಸ್ವೆನರ್ ಹಡಗು ಇದೇ ಕರಾವಳಿಯ ಉತ್ತರ ಭಾಗದಲ್ಲಿ ಬಂಡೆಗೆ ಬಡಿಯಿತು. ನೂರಕ್ಕೂ ಹೆಚ್ಚು ಜನ ದಡ ಹತ್ತಿದರು, ಆದರೆ ನಡೆದು ನಡೆದು ಹಸಿದು ಸತ್ತವರೇ ಹೆಚ್ಚು. ಕೊನೆಗೆ ಊರು ಸೇರಿದವರು ಬೆರಳೆಣಿಕೆಯಷ್ಟು. ಅದು ಒಡೆದದ್ದು 1782ರ ಆಗಸ್ಟ್ 4. ಓಷಿಯಾನೋಸ್ ಮುಳುಗಿದ್ದೂ ಆಗಸ್ಟ್ 4ರಂದೇ. ಈ ತಾರೀಕು ಮೊದಲ ಸಲ ಕಣ್ಣಿಗೆ ಬಿದ್ದಾಗ ನನಗೆ ಮೈ ಜುಮ್ಮೆಂದಿತ್ತು.

ಓಷಿಯಾನೋಸ್ ಹುಟ್ಟಿದಾಗ ಅದರ ಹೆಸರು ಜ್ಯಾನ್ ಲಬೋರ್ದ್. 1952ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ನೀರಿಗಿಳಿಯಿತು. ಮಾರ್ಸೇಲ್ಸ್‌ನಿಂದ ಮಡಗಾಸ್ಕರ್, ಮಾರಿಷಸ್‌ಗೆ ಜನರನ್ನು ಒಯ್ಯುವ ಹಡಗು. ವಿಮಾನಗಳು ಬಂದಮೇಲೆ ಇಂಥ ಹಡಗುಗಳಿಗೆ ಕೆಲಸ ತಪ್ಪಿತು. ಇದೂ ಕೈ ಬದಲಿಸಿ, ಹೆಸರು ಬದಲಿಸಿ, ಕೊನೆಗೆ ಗ್ರೀಸಿನ ಎಪಿರೋಟಿಕಿ ಕಂಪನಿಯ ವಿಹಾರ ನೌಕೆಯಾಯಿತು. 1991ರಲ್ಲಿ ಅದನ್ನು ದಕ್ಷಿಣ ಆಫ್ರಿಕಾದ ಪ್ರವಾಸಿಗಳಿಗಾಗಿ ಬಾಡಿಗೆಗೆ ತಂದಿದ್ದರು. ಆಗಸ್ಟ್ 3ರಂದು ಈಸ್ಟ್ ಲಂಡನ್‌ನಿಂದ ಡರ್ಬನ್ ಕಡೆಗೆ ಹೊರಟಾಗ ಗಾಳಿಯ ವೇಗ 40 ನಾಟ್, ಅಲೆಗಳು 9 ಮೀಟರ್ ಎತ್ತರ.

ರಾತ್ರಿ ಒಂಬತ್ತೂವರೆ ಸುಮಾರಿಗೆ ಕೆಳಗೆಲ್ಲೋ ಸ್ಫೋಟದ ಸದ್ದಾಯಿತು, ದೀಪಗಳು ಆರಿದವು. ಜನರೇಟರ್ ಕೋಣೆಗೆ ಕಡಲು ನುಗ್ಗಿತ್ತು. ಅಷ್ಟಕ್ಕೇ ನಿಂತಿದ್ದರೆ ಹಡಗು ಬಹುಶಃ ತೇಲುತ್ತಿತ್ತು, ಏಕೆಂದರೆ ಒಂದು ಕೋಣೆಯ ನೀರು ಇನ್ನೊಂದಕ್ಕೆ ಹೋಗದಂತೆ ತಡೆಗೋಡೆ ಇರುತ್ತದೆ. ಆದರೆ ಜನರೇಟರ್ ಕೋಣೆಗೂ ಕೊಳಚೆ ತೊಟ್ಟಿಗೂ ನಡುವಿನ ಆ ಗೋಡೆಯಲ್ಲಿ 10 ಸೆಂ.ಮೀ. ತೂತಿತ್ತು. ತೊಟ್ಟಿಯಿಂದ ನೀರು ಹಿಂದಕ್ಕೆ ಬರದಂತೆ ತಡೆಯಬೇಕಾದ ವಾಲ್ವ್‌ಗಳನ್ನು ರಿಪೇರಿಗೆಂದು ಬಿಚ್ಚಿ, ಮತ್ತೆ ಹಾಕಿರಲಿಲ್ಲ. ಬೆಂಗಳೂರಿನ ತಗ್ಗು ಬಡಾವಣೆಗಳಲ್ಲಿ ಮಳೆಗಾಲದ ರಾತ್ರಿ ಬಚ್ಚಲ ತೂಬಿನಿಂದ ಚರಂಡಿ ನೀರು ಮನೆಯೊಳಗೆ ಉಕ್ಕಿ ಬರುವುದನ್ನು ನೋಡಿದವರಿಗೆ ಮುಂದೇನಾಯಿತೆಂದು ಹೇಳಬೇಕಿಲ್ಲ. ಶೌಚಾಲಯ, ಸ್ನಾನದ ಕೋಣೆ, ಕೈತೊಳೆಯುವ ಬೇಸಿನ್, ಎಲ್ಲ ಕಡೆಯಿಂದ ಕಡಲು ಮೇಲೆ ಬಂತು. ಕೆಳ ಅಂತಸ್ತಿನ ಕಿಟಕಿಗಳನ್ನೂ ಯಾರೂ ಮುಚ್ಚಿರಲಿಲ್ಲ.

ಆ ಹೊತ್ತಿಗೆ ಪ್ರಯಾಣಿಕರು ಕೂತಿದ್ದ ಹಾಲ್‌ನಲ್ಲಿ ಗಿಟಾರ್ ವಾದಕ ಮಾಸ್ ಹಿಲ್ಸ್, ಅವರ ಹೆಂಡತಿ ಟ್ರೇಸಿ ಇದ್ದರು. ಜಿಂಬಾಬ್ವೆಯ ಮಾಸ್ ಹಡಗಿನಲ್ಲಿ ಹಾಡಿ ನುಡಿಸಿ ಜನರನ್ನು ರಂಜಿಸುವ ಕೆಲಸಕ್ಕೆ ಬಂದವರು. ಏನೋ ಸರಿಯಿಲ್ಲವೆಂದು ಇನ್ನೊಬ್ಬ ಕಲಾವಿದರ ಜೊತೆ ಕೆಳಗೆ ಹೋಗಿ ನೋಡಿದರೆ ನೀರು. ಮೇಲೆ ಬಂದು ನೋಡಿದರೆ ಸಿಬ್ಬಂದಿಯ ಹಲವರು ದೋಣಿ ಹತ್ತಿ ಹೋಗುತ್ತಿದ್ದಾರೆ. ಪ್ರಯಾಣಿಕರಿಗೆ ಯಾರೂ ಏನೂ ಹೇಳಿಲ್ಲ. ಆಗ ಪ್ರವಾಸದ ಮನರಂಜನೆ ನೋಡಿಕೊಳ್ಳುತ್ತಿದ್ದ ಲೊರೇನ್ ಬೆಟ್ಸ್, ಜಾದೂಗಾರರು, ವಾದ್ಯದವರು ಸೇರಿ ಕತ್ತಲಲ್ಲಿ ಜನರನ್ನು ಸಾಲು ಮಾಡಿ, ದೋಣಿ ಇಳಿಸುವುದನ್ನು ಆಗಲೇ ಕಲಿತು, ಇಳಿಸಿದರು. ಹಡಗು ವಾಲುತ್ತಿದ್ದಂತೆ ಒಂದು ಪಕ್ಕದ ದೋಣಿಗಳು ಹಡಗಿನ ಮೈಗೆ ಉಜ್ಜಿಕೊಂಡು ಇಳಿಯಲಾರದೆ ಸಿಕ್ಕಿಬಿದ್ದವು. ಮೇಲೆ ಇನ್ನೂ ಇನ್ನೂರಕ್ಕೂ ಹೆಚ್ಚು ಜನ ಉಳಿದಿದ್ದರು.

ಮುಂದೇನು ಮಾಡಬೇಕೆಂದು ಕೇಳಲು ಮಾಸ್ ಹಡಗು ನಡೆಸುವ ಕೋಣೆಗೆ ಹೋದರೆ ಅಲ್ಲಿ ಯಾರೂ ಇಲ್ಲ! ರೇಡಿಯೋ ಎತ್ತಿಕೊಂಡು ತಾವೇ ಸಹಾಯಕ್ಕೆ ಕೂಗಿದರು. ಆ ಕಡೆಯವರು ನಿಮ್ಮ ಹುದ್ದೆ ಏನೆಂದು ಕೇಳಿದ್ದಕ್ಕೆ, ಹುದ್ದೆ ಏನಿಲ್ಲ, ನಾನು ಗಿಟಾರ್ ನುಡಿಸುವವನು ಎಂದರಂತೆ. ಇದನ್ನು ಅವರೇ ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಡಚ್ಚರ ಸರಕು ಹಡಗು ನೆಡ್‌ಲಾಯ್ಡ್ ಮಾರಿಷಸ್ ಮತ್ತು ಸುತ್ತಲಿದ್ದ ಇತರ ಹಡಗುಗಳು ಬಂದು, ದೋಣಿಯಲ್ಲಿದ್ದವರನ್ನು ಆ ಅಲೆಗಳ ನಡುವೆ ಮೇಲೆತ್ತಿಕೊಂಡವು. ಅದೂ ಸಣ್ಣ ಕೆಲಸವಲ್ಲ.

ಗುಡ್ಡದ ಒಂದು ತಿರುವಿನಲ್ಲಿ ಹುಡುಗ ನಿಂತ. "ಅಲ್ಲಿ" ಎಂದು ಕೈ ಚಾಚಿದ. ದಡದಿಂದ ಕೆಲವೇ ಕಿಲೋಮೀಟರ್, ಅಷ್ಟು ಹತ್ತಿರ. ನೀರಿನ ಮೇಲೆ ಗುರುತು ಏನೂ ಇಲ್ಲ. ಹಡಗು 90 ಮೀಟರ್‌ಗೂ ಆಳದಲ್ಲಿದೆ, ಪ್ರವಾಹದ ಸೆಳೆತಕ್ಕೆ ಮುಳುಗುಗಾರರೂ ಅಪರೂಪಕ್ಕೆ ಇಳಿಯುತ್ತಾರೆ. ನಾನೂ ನನ್ನ ಹೆಂಡತಿಯೂ ಗಾಳಿಗೆ ಬೆನ್ನು ಕೊಟ್ಟು ಅಲ್ಲೇ ಹುಲ್ಲಿನ ಮೇಲೆ ಕೂತೆವು, ಅವಳಿಗೆ ಬೆಳಗಿನ ಕತೆ ಹೇಳಿದೆ.

ಬೆಳಗಾಗುವ ಹೊತ್ತಿಗೆ ದಕ್ಷಿಣ ಆಫ್ರಿಕಾದ ವಾಯುಪಡೆ, ನೌಕಾಪಡೆಯ ಕಾರ್ಯಾಚರಣೆ ಶುರುವಾಯಿತು. ಒಟ್ಟು 16 ಹೆಲಿಕಾಪ್ಟರ್, ಹೆಚ್ಚಿನವು ಪೂಮಾ. ನೌಕಾಪಡೆಯ ಮುಳುಗುಗಾರರಾದ ಪಾಲ್ ವೈಲಿ ಮತ್ತು ಗ್ಯಾರಿ ಸ್ಕೂಲರ್ ಹಗ್ಗದಲ್ಲಿ ಹಡಗಿಗೆ ಇಳಿದರು. ಹಡಗಿನ ಮುಂದೊಂದು, ಹಿಂದೊಂದು ಜಾಗದಿಂದ ಜನರನ್ನು ಮೇಲೆತ್ತಬೇಕು. ಕೈ ಸಾಲದೆ ಒಂದು ಕಡೆಯ ಕೆಲಸವನ್ನು ಮಾಸ್‌ಗೇ ಒಪ್ಪಿಸಿದರು. ಪಟ್ಟಿ ಕಂಕುಳಡಿ ಬಿಗಿಯಾಗಿ ಬರಬೇಕು, ಕೈ ಕೆಳಗಿರಬೇಕು, ಕೈ ಮೇಲೆತ್ತಿದರೆ ಜಾರಿ ಬೀಳುತ್ತಾರೆ. ಪಾಠ ಅಷ್ಟೇ, ಕೆಲವು ನಿಮಿಷಗಳದು. ಗಾಳಿಗೆ ಹೆಲಿಕಾಪ್ಟರ್ ಓಲಾಡುತ್ತದೆ, ಹಡಗು ಅದರ ಕೆಳಗೆ ಏರಿಳಿಯುತ್ತದೆ, ಹಗ್ಗ ಒಮ್ಮೆ ಸಡಿಲ, ಮರುಕ್ಷಣ ಜಗ್ಗಿ ಎಳೆಯುತ್ತದೆ. ಒಂದು ಸಲಕ್ಕೆ ಇಬ್ಬಿಬ್ಬರಂತೆ, ಕಂಬಿಗೆ ಕಟಕಟೆಗೆ ತಾಗುತ್ತ ಮೇಲೆ ಹೋದರು. ವಯಸ್ಸಾದವರು, ಮಕ್ಕಳು, ಹೆದರಿ ಕಂಬಿ ಬಿಡದವರು. ತಾನು ಕಟ್ಟಿದ ಪಟ್ಟಿ ಬಿಚ್ಚಿದರೆ ಎದುರಿನ ಮನುಷ್ಯ ಕಣ್ಣೆದುರೇ ಸಾಯುತ್ತಾನೆಂದು ಗೊತ್ತಿದ್ದೂ, ಅಲುಗದ ಕೈಯಲ್ಲಿ ಗಂಟೆಗಟ್ಟಲೆ ಅದನ್ನೇ ಮಾಡುತ್ತ ನಿಂತ ಆ ವಾದ್ಯಗಾರನ ಬಗ್ಗೆ ನನಗಿರುವ ಗೌರವ ಹೇಳಿ ಮುಗಿಯುವಂಥದ್ದಲ್ಲ.

ಕ್ಯಾಪ್ಟನ್ ಯಾನಿಸ್ ಅವ್ರಾನಾಸ್, ಮೇಲೆ ಇನ್ನೂ ಎಷ್ಟೋ ಪ್ರಯಾಣಿಕರು ಇರುವಾಗಲೇ ಹೆಲಿಕಾಪ್ಟರ್ ಹತ್ತಿ ದಡ ಸೇರಿದ್ದರು. ಹಡಗು ಬಿಡಲು ಆಜ್ಞೆ ಕೊಟ್ಟ ಮೇಲೆ ತಾನು ಯಾವಾಗ ಹೊರಟೆ ಎಂಬುದು ಮುಖ್ಯವಲ್ಲ ಎಂದು ಆಮೇಲೆ ಪತ್ರಕರ್ತರಿಗೆ ಹೇಳಿದರು. ಮಾಸ್, ಟ್ರೇಸಿ ಹೊರಟದ್ದು ಕಟ್ಟಕಡೆಯವರ ಜೊತೆ. ಅದೇ ಮಧ್ಯಾಹ್ನ ಓಷಿಯಾನೋಸ್ ಮಗುಚಿತು. 153 ಮೀಟರ್ ಉದ್ದದ ಹಡಗು, ಆಳ ನೂರು ಮೀಟರ್‌ಗೂ ಕಮ್ಮಿ. ಮೂಗು ತಳದ ಮರಳಿಗೆ ತಾಗಿದಾಗ ಹಿಂಭಾಗ ಇನ್ನೂ ನೀರಿನ ಮೇಲೆ ನೆಟ್ಟಗೆ ನಿಂತಿತ್ತು.

ತೂತುಬಂಡೆ ದೊಡ್ಡದೇ. ಮ್ಪಾಕೋ ನದಿ ಕಡಲು ಸೇರುವ ಕಡೆ, ನೀರಿನ ನಡುವೆ ನಿಂತ ಗುಡ್ಡ, ಮಧ್ಯೆ ಕಮಾನು. ಅಲೆ ಅದರೊಳಗೆ ನುಗ್ಗುವಾಗಿನ ಸದ್ದು ಎದೆಗೇ ಬಡಿಯುತ್ತದೆ. ಅಕ್ಕ, ಭಾವ ಆಗಲೇ ಬಂದಿದ್ದರು. ಮಣಿಸರ ಮಾರುತ್ತಿದ್ದ ಒಬ್ಬ ಹಿರಿಯ ಹೆಂಗಸಿನ ಜೊತೆ ಅಕ್ಕ ಚೌಕಾಸಿಗೆ ಇಳಿದಿದ್ದಳು. ಹೆಲಿಕಾಪ್ಟರ್‌ಗಳು ಜನರನ್ನು ತಂದಿಳಿಸಿದ್ದು ಇಲ್ಲಿ, ಮತ್ತು ಇಲ್ಲಿಂದಾಚೆ ದ ಹ್ಯಾವನ್ ಎಂಬಲ್ಲಿ. ಅದು ನೆನಪಿದೆಯೇ ಎಂದು ಆ ಹೆಂಗಸನ್ನು ಹುಡುಗನ ಮೂಲಕ ಕೇಳಿದೆ. ಆಕೆ ಕೂಡಲೇ ತಲೆಯಾಡಿಸಿ, ಅಂಗೈ ಮಗುಚಿ ಹಿಡಿದು ತಲೆಯ ಮೇಲೆ ತಿರುಗಿಸಿ ತೋರಿಸಿದರು. "ಹುಲ್ಲೆಲ್ಲ ಮಲಗಿಬಿಟ್ಟಿತ್ತಂತೆ. ಬಂದವರ ಕಾಲಲ್ಲಿ ಚಪ್ಪಲಿ ಇರಲಿಲ್ಲವಂತೆ, ಕಂಬಳಿ ಕೊಟ್ಟರಂತೆ" ಎಂದು ಹುಡುಗ ಅವರ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ. ಅಕ್ಕ ಚೌಕಾಸಿ ಬಿಟ್ಟು ಹೇಳಿದ ಬೆಲೆಗೇ ಎರಡು ಸರ ಕೊಂಡಳು.

ಮರುದಿನ ಮಂಡೇಲಾ ಬೆಳೆದ ಕುನು ದಾಟಿ ಈಸ್ಟ್ ಲಂಡನ್‌ಗೆ ಬಂದೆವು. ಬಫೆಲೋ ನದಿಯ ಬಾಯಲ್ಲೇ ಬಂದರಿದೆ. ಭಾವ ಧಕ್ಕೆಯ ಎದುರು ಕಾರು ನಿಲ್ಲಿಸಿ, "ಇಲ್ಲಿಂದಲೇ ಅಲ್ಲವಾ ಹೊರಟಿದ್ದು? ಆ ಕ್ಯಾಪ್ಟನ್‌ಗೆ ಏನು ಶಿಕ್ಷೆ ಆಯ್ತು?" ಎಂದರು. ಗ್ರೀಸಿನ ವಿಚಾರಣಾ ಮಂಡಳಿ ಕ್ಯಾಪ್ಟನ್ ಮತ್ತು ಹಿರಿಯ ಅಧಿಕಾರಿಗಳದು ಕರ್ತವ್ಯಲೋಪ ಎಂದು ತೀರ್ಮಾನಿಸಿತು. ಪಾಲ್ ವೈಲಿಗೆ ದಕ್ಷಿಣ ಆಫ್ರಿಕಾದ ಹೊನೊರಿಸ್ ಕ್ರಕ್ಸ್ ಶೌರ್ಯ ಪದಕ ಬಂತು. ಮಾಸ್, ಟ್ರೇಸಿ ಆಮೇಲೂ ಹಡಗುಗಳಲ್ಲೇ ಕೆಲಸ ಮುಂದುವರಿಸಿದರು. ಕ್ಯಾಪ್ಟನ್ ಮೇಲೆ ಸಿಟ್ಟು ಬರುವುದು ಸುಲಭ, ನನಗೂ ಬರುತ್ತದೆ. ಅದಕ್ಕಿಂತ ಹೆಚ್ಚಿನ ಸಿಟ್ಟು, ಗೋಡೆಯಲ್ಲಿ ತೂತಿರುವ, ವಾಲ್ವ್ ಬಿಚ್ಚಿಟ್ಟ ಹಡಗಿಗೆ 571 ಜನರನ್ನು ಹತ್ತಿಸಿ ಅಂಥ ಗಾಳಿಯಲ್ಲಿ ಈ ಧಕ್ಕೆಯಿಂದ ಬಿಟ್ಟುಕೊಟ್ಟದ್ದರ ಮೇಲೆ. ಭಾವನಿಗೆ ಅದನ್ನೇ ಹೇಳಿದೆ.