ಆ ವಿಮಾನ ಕಡಲಿಗೆ ಬಿದ್ದ ಶಾಟ್ ತೆಗೆದದ್ದು ಹೇಗೆ?

ಹಳೆಯ ಗೂಢಚಾರ ಚಿತ್ರಗಳ ಮಾತು ಬಂದಲ್ಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಆಲ್‌ಫ್ರೆಡ್ ಹಿಚ್‌ಕಾಕ್ 1940ರಲ್ಲಿ ತೆಗೆದ ‘ಫಾರಿನ್ ಕರೆಸ್ಪಾಂಡೆಂಟ್’ ಚಿತ್ರದ ಕೊನೆಯ ಭಾಗದಲ್ಲಿ ಪ್ರಯಾಣಿಕರ ವಿಮಾನವೊಂದು ಜರ್ಮನ್ ಹಡಗಿನ ಗುಂಡೇಟಿಗೆ ಸಿಕ್ಕಿ ಅಟ್ಲಾಂಟಿಕ್‌ಗೆ ಬೀಳುತ್ತದೆ. ಕ್ಯಾಮೆರಾ ಇಬ್ಬರು ಪೈಲಟ್‌ಗಳ ಬೆನ್ನ ಹಿಂದಿದೆ. ಅವರ ತಲೆಗಳಾಚೆ, ಎದುರು ಗಾಜಿನ ಹೊರಗೆ, ಸಮುದ್ರ ಹತ್ತಿರ ಹತ್ತಿರ ಬರುತ್ತದೆ. ಗಾಜಿನ ತುಂಬ ನೀರೇ ಕಾಣುವಷ್ಟು ಹತ್ತಿರವಾದ ಮರುಕ್ಷಣ ಆ ನೀರು ಒಳಕ್ಕೆ ನುಗ್ಗಿ ಇಬ್ಬರನ್ನೂ ಮುಳುಗಿಸಿಬಿಡುತ್ತದೆ. ನಡುವೆ ಒಂದೂ ಕಟ್ ಇಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಮಾಡಿದರು?

ಕಾಗದದ ಪರದೆ ಮತ್ತು ಅದರ ಹಿಂದೆ ನೀರಿನ ತೊಟ್ಟಿ, ಇಷ್ಟೇ ಉತ್ತರ. ಆದರೆ ಈ ಎರಡನ್ನು ಹೊಂದಿಸುವುದರಲ್ಲಿ ಎಷ್ಟು ಕಡೆ ಎಡವಬಹುದಿತ್ತು ಎನ್ನುವುದು ತಿಳಿದರೆ ಮಾತ್ರ ಆ ಶಾಟ್‌ನ ಬೆಲೆ ಗೊತ್ತಾಗುವುದು.

ಮೊದಲು, ಆ ಪರದೆಯ ಮೇಲೆ ಚಿತ್ರ ಬಿಡುವ ವಿಧಾನವಾದ ಬ್ಯಾಕ್ ಪ್ರೊಜೆಕ್ಷನ್ ಅಂದರೇನು ನೋಡೋಣ. ನಮ್ಮ ಕಪ್ಪುಬಿಳುಪು ಚಿತ್ರಗಳಲ್ಲಿ ನಾಯಕ ನಾಯಕಿ ಕಾರಿನಲ್ಲಿ ಕೂತು ಮಾತಾಡುವಾಗ ಹಿಂದಿನ ಗಾಜಿನಲ್ಲಿ ರಸ್ತೆ ಓಡುತ್ತಿರುತ್ತದಲ್ಲ, ಅದೇ. ಕಾರು ಸ್ಟುಡಿಯೋದಲ್ಲಿ ನಿಂತಿರುತ್ತದೆ. ಅದರ ಹಿಂದೆ ಬೆಳಕು ಹಾಯುವಂಥ ಪರದೆ. ಪರದೆಯ ಆ ಬದಿಯಿಂದ ಪ್ರೊಜೆಕ್ಟರ್ ಮೊದಲೇ ತೆಗೆದ ರಸ್ತೆಯ ಚಿತ್ರವನ್ನು ಬಿಡುತ್ತದೆ, ಈ ಬದಿಯಿಂದ ಕ್ಯಾಮೆರಾ ಕಾರನ್ನೂ ರಸ್ತೆಯನ್ನೂ ಒಟ್ಟಿಗೆ ಹಿಡಿಯುತ್ತದೆ.

ಕೇಳಲು ಸುಲಭ. ಕ್ಯಾಮೆರಾದ ಷಟರ್ ಸೆಕೆಂಡಿಗೆ 24 ಸಲ ತೆರೆದು ಮುಚ್ಚುತ್ತದೆ, ಪ್ರೊಜೆಕ್ಟರ್‌ನದೂ ಅಷ್ಟೇ. ಎರಡೂ ಒಂದೇ ಗಳಿಗೆಯಲ್ಲಿ ತೆರೆಯದಿದ್ದರೆ ಹಿಂದಿನ ಚಿತ್ರ ಮಿಣುಕುತ್ತದೆ, ಇಲ್ಲವೇ ಪೂರಾ ಕಪ್ಪಾಗುತ್ತದೆ. ಹಾಗಾಗಿ ಎರಡರ ಮೋಟಾರುಗಳನ್ನೂ ವಿದ್ಯುತ್ ಮೂಲಕ ಜೋಡಿಸಿ ಒಂದೇ ಹೆಜ್ಜೆಯಲ್ಲಿ ಓಡಿಸುತ್ತಾರೆ. ಪ್ರೊಜೆಕ್ಟರ್ ಪರದೆಯ ನಡುಭಾಗಕ್ಕೆ ನೇರವಾಗಿರುವುದರಿಂದ ನಡುವೆ ಬೆಳಕು ಹೆಚ್ಚು, ಅಂಚಿನಲ್ಲಿ ಮಂಕು. ನಟರ ಮೇಲಿನ ದೀಪದ ಬೆಳಕು ಒಂದಿಷ್ಟು ಪರದೆಯ ಮೇಲೆ ಚೆಲ್ಲಿದರೂ ಚಿತ್ರ ತೊಳೆದಂತೆ ಬಿಳಚಿಕೊಳ್ಳುತ್ತದೆ. ಮೂಲ ಚಿತ್ರ ತೆಗೆದಾಗ ಕ್ಯಾಮೆರಾ ಇದ್ದ ಎತ್ತರ, ಕೋನಕ್ಕೂ ಸ್ಟುಡಿಯೋ ಕ್ಯಾಮೆರಾದ ಎತ್ತರ, ಕೋನಕ್ಕೂ ತಾಳೆ ಬೀಳದಿದ್ದರೆ, ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸುಳ್ಳು ಎಂದು ಕಣ್ಣು ಹೇಳಿಬಿಡುತ್ತದೆ.

ವಿಮಾನದ ಶಾಟ್‌ಗೆ ಹಿನ್ನೆಲೆ ಚಿತ್ರವನ್ನು ನಿಜವಾದ ಕಡಲ ಮೇಲೆ ತೆಗೆದರು. ಸಾಹಸ ಹಾರಾಟದ ಪೈಲಟ್ ಒಬ್ಬ ವಿಮಾನದ ಮೂತಿಯನ್ನು ನೀರಿನ ಕಡೆ ತಿರುಗಿಸಿ ಧುಮುಕಿದ. ಮುಂದಕ್ಕೆ ನೋಡುವ ಕ್ಯಾಮೆರಾ ಓಡುತ್ತಲೇ ಇತ್ತು. ಇನ್ನೇನು ಮುಟ್ಟಿತು ಅನ್ನುವಾಗ ವಿಮಾನವನ್ನು ಮೇಲಕ್ಕೆತ್ತಿದ. ಎತ್ತುವ ಕ್ಷಣದಲ್ಲಿ ದಿಗಂತ ಮತ್ತೆ ಚೌಕಟ್ಟಿನೊಳಗೆ ಬರುತ್ತದೆ. ಆದ್ದರಿಂದ ಬಳಸಲು ಸಿಗುವ ಚಿತ್ರ ಅದಕ್ಕೆ ಮುಂಚೆಯೇ ಮುಗಿಯುತ್ತದೆ. ಅಂದರೆ ನಿಜವಾದ ಸಮುದ್ರ ಕೊಡಲಾಗದ ಕೊನೆಯ ತುಣುಕನ್ನು ಸ್ಟುಡಿಯೋ ಕೊಡಬೇಕು. ಸವಾಲು ಇದ್ದದ್ದೇ ಇಲ್ಲಿ.

ಸ್ಟುಡಿಯೋದಲ್ಲಿ ಪೈಲಟ್ ಕೋಣೆಯ ಸೆಟ್ ಕಟ್ಟಿ, ಅದರ ಎದುರು ಗಾಜಿನಾಚೆ ಅಕ್ಕಿ ಕಾಗದದ ಪರದೆ ನಿಲ್ಲಿಸಿದರು. ಪರದೆಯ ಹಿಂದೆ ನೀರಿನ ತೊಟ್ಟಿ. ಧುಮುಕುವ ಚಿತ್ರ ಕಾಗದದ ಮೇಲೆ ಓಡುತ್ತಿರುತ್ತದೆ. ಸಮುದ್ರ ಗಾಜಿನ ತುಂಬ ಹರಡಿದ ಹೊತ್ತಿಗೆ ಸರಿಯಾಗಿ ಹಿಚ್‌ಕಾಕ್ ಗುಂಡಿ ಒತ್ತಿದರು. ತೊಟ್ಟಿಯ ನೀರು ಒಮ್ಮೆಗೇ ಬಂದು ಕಾಗದವನ್ನು ಸೀಳಿಕೊಂಡು ಕೋಣೆಯೊಳಕ್ಕೆ ನುಗ್ಗಿತು. ನೀರಿನ ಪ್ರಮಾಣ ಎಷ್ಟಿತ್ತೆಂದರೆ ಪರದೆ ಹರಿದದ್ದು ಯಾರಿಗೂ ಕಾಣಲಿಲ್ಲ. ಮುಂದೆ ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೋ ಜೊತೆಗಿನ ಸಂದರ್ಶನದಲ್ಲಿ ಈ ಗುಟ್ಟನ್ನು ಹಿಚ್‌ಕಾಕ್ ಅವರೇ ಬಿಡಿಸಿ ಹೇಳಿದ್ದಾರೆ.

ಕಾಗದವೇ ಯಾಕೆ? ಬ್ಯಾಕ್ ಪ್ರೊಜೆಕ್ಷನ್‌ನ ಮಾಮೂಲಿ ಪರದೆ ಒಂದು ಬಗೆಯ ಪ್ಲಾಸ್ಟಿಕ್ ಹಾಳೆ. ನೀರು ಬಡಿದರೆ ಅದು ಮೊದಲು ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ, ಆಮೇಲೆ ದೊಡ್ಡ ದೊಡ್ಡ ತುಂಡಾಗಿ ಹರಿದು ನಟರ ಮೇಲೆ ಬೀಳುತ್ತದೆ. ಕಾಗದದ ಎಳೆಗಳನ್ನು ಹಿಡಿದಿಟ್ಟಿರುವ ಬಂಧ ನೀರು ತಾಗಿದೊಡನೆ ಸಡಿಲುತ್ತದೆ. ಒಣಗಿದ್ದಾಗ ಬಿಗಿಯಾಗಿ ನಿಂತು ಚಿತ್ರವನ್ನು ಹೊರುತ್ತದೆ, ಒದ್ದೆಯಾದೊಡನೆ ಸೋತುಬಿಡುತ್ತದೆ. ಇಲ್ಲಿಗೆ ಬೇಕಾಗಿದ್ದದ್ದು ಅಂಥ ಪರದೆಯೇ. ಅದೇ ಗುಣ ಅಪಾಯವೂ ಹೌದು. ತೊಟ್ಟಿಯಿಂದ ನಾಲ್ಕು ಹನಿ ಮೊದಲೇ ಸಿಡಿದರೆ ಸಮುದ್ರದ ನಡುವೆ ಕಲೆ ಮೂಡುತ್ತದೆ, ಟೇಕ್ ಹಾಳು.

ತೊಟ್ಟಿಯನ್ನು ಎಲ್ಲೆಂದರಲ್ಲಿ ಇಡುವಂತೆಯೂ ಇಲ್ಲ. ಪ್ರೊಜೆಕ್ಟರ್‌ನಿಂದ ಪರದೆಗೆ ಬರುವ ಬೆಳಕು ಶಂಕುವಿನಂತೆ ಅಗಲವಾಗುತ್ತ ಬರುತ್ತದೆ. ಆ ದಾರಿಗೆ ಏನು ಅಡ್ಡ ಬಂದರೂ ನೆರಳು ಬೀಳುತ್ತದೆ. ಹಾಗಾಗಿ ನೀರು ಬೆಳಕಿನ ಹೊರಗೇ ಕಾದಿದ್ದು, ಬಿಟ್ಟಾಗ ಮಾತ್ರ ಗಾಜಿನ ಕಡೆ ಹಾಯಬೇಕು.

ಇನ್ನು ಗಳಿಗೆಯ ಲೆಕ್ಕ. ಗುಂಡಿ ಒತ್ತಿದ ಕ್ಷಣಕ್ಕೇ ನೀರು ಬರುವುದಿಲ್ಲ. ಉದಾಹರಣೆಗೆ ಒಂದೂವರೆ ಮೀಟರ್ ಎತ್ತರದಿಂದ ನೀರು ಬೀಳಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟರಲ್ಲಿ 13 ಫ್ರೇಮ್ ಓಡಿಹೋಗಿರುತ್ತವೆ. ಬೇಗ ಒತ್ತಿದರೆ ಸಮುದ್ರ ಇನ್ನೂ ದೂರವಿರುವಾಗಲೇ ನೀರು ಬಂದು ನಗೆಪಾಟಲು. ತಡವಾದರೆ ವಿಮಾನ ನೀರಿನ ಮುಂದೆ ಒಂದು ಕ್ಷಣ ತಡೆದು ನಿಂತಂತೆ ಕಾಣುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಅದು ನುಗ್ಗಿದ ಮೇಲೆ ಸೆಟ್ಟೂ ದೀಪಗಳೂ ನಟರ ಬಟ್ಟೆಯೂ ಒಣಗುವವರೆಗೆ ಎರಡನೇ ಟೇಕ್ ಮಾತೇ ಇಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಸಣ್ಣ ವಿಮಾನದ ಮಾದರಿ ಮಾಡಿ ನೀರಿಗೆ ಬೀಳಿಸಬಹುದಿತ್ತಲ್ಲ ಎಂದೂ ಕೇಳುತ್ತಾರೆ. ಗಾಳಿಯಲ್ಲಿ ಹಾರುವ ಹೊರ ದೃಶ್ಯಗಳಿಗೆ ಮಾದರಿಯನ್ನೇ ಬಳಸಿದ್ದಾರೆ. ನೀರು ಮಾತ್ರ ಮಾದರಿಗೆ ಬಗ್ಗುವುದಿಲ್ಲ. ಹದಿನಾರನೇ ಒಂದು ಅಳತೆಯ ಮಾದರಿಯಾದರೆ 16ರ ವರ್ಗಮೂಲ 4, ಅಂದರೆ ನಾಲ್ಕು ಪಟ್ಟು ವೇಗದಲ್ಲಿ, ಸೆಕೆಂಡಿಗೆ 96 ಫ್ರೇಮ್‌ನಂತೆ ಚಿತ್ರಿಸಿದರೆ ಬೀಳುವ ಚಲನೆಗೆ ಸರಿಯಾದ ಭಾರ ಬರುತ್ತದೆ. ಆದರೆ ನೀರಿನ ಹನಿಯನ್ನು ಹದಿನಾರನೇ ಒಂದಕ್ಕೆ ಇಳಿಸುವುದು ಯಾರಿಂದಲೂ ಆಗದು. ರೆಕ್ಕೆಯ ಪಕ್ಕದಲ್ಲಿ ಕಲ್ಲಂಗಡಿ ಗಾತ್ರದ ಹನಿ ಕಂಡರೆ ಮುಗಿಯಿತು, ಅದು ಬಚ್ಚಲ ತೊಟ್ಟಿ ಎಂದು ಎಲ್ಲರಿಗೂ ತಿಳಿಯುತ್ತದೆ. ಮನುಷ್ಯರ ಪಕ್ಕದಲ್ಲಿ ನಿಜ ಗಾತ್ರದ ನೀರೇ ಬಂದರೆ ಈ ತಕರಾರೇ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಮಾದರಿ ಬಿಟ್ಟದ್ದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಬೀಳುವ ವಿಮಾನವನ್ನು ಹೊರಗಿನಿಂದ ತೋರಿಸಿದರೆ ನಾವು ದಡದಲ್ಲಿ ನಿಂತು ನೋಡುವವರಾಗುತ್ತೇವೆ. ಹಿಚ್‌ಕಾಕ್ ಮೊದಲು ತೀರ್ಮಾನಿಸಿದ್ದು ಪ್ರೇಕ್ಷಕ ಎಲ್ಲಿ ಕೂರಬೇಕು ಎನ್ನುವುದನ್ನು, ಪೈಲಟ್‌ನ ಬೆನ್ನ ಹಿಂದೆ ಎಂದು. ಕಾಗದ, ತೊಟ್ಟಿ, ಗುಂಡಿ ಎಲ್ಲ ಆ ತೀರ್ಮಾನವನ್ನು ನಡೆಸಿಕೊಡಲು ಬಂದವು.

ವಿಮಾನ ಬಿದ್ದ ಮೇಲಿನ ದೃಶ್ಯ ಇದಕ್ಕಿಂತ ಕಷ್ಟದ್ದು, ಆದರೆ ಅದನ್ನು ಕೇಳುವವರು ಕಡಿಮೆ. ಬದುಕಿದವರು ತೇಲುವ ವಿಮಾನದ ಮೇಲೆ ಹತ್ತಿದ್ದಾರೆ, ಅವರ ಕಣ್ಣೆದುರೇ ರೆಕ್ಕೆ ದೇಹದಿಂದ ಬೇರ್ಪಟ್ಟು ದೂರ ಸರಿಯುತ್ತದೆ. ದೊಡ್ಡ ತೊಟ್ಟಿಯಲ್ಲಿ ತೆಗೆದ ದೃಶ್ಯ ಇದು. ಇಷ್ಟು ದೊಡ್ಡ ವಸ್ತುವನ್ನು ಮನುಷ್ಯರ ಸಮೇತ ಅಲೆಯಲ್ಲಿ ಸುಮ್ಮನೆ ತೇಲಲು ಬಿಟ್ಟರೆ ಅದು ತನ್ನಿಷ್ಟ ಬಂದತ್ತ ತಿರುಗುತ್ತದೆ, ಪ್ರತಿ ಟೇಕ್‌ನಲ್ಲೂ ಬೇರೆ ಕಡೆ ಹೋಗುತ್ತದೆ. ಅದಕ್ಕೆ ತೊಟ್ಟಿಯ ತಳದಲ್ಲಿ ಹಳಿ ಹಾಕಿದರು. ವಿಮಾನ ಆ ಹಳಿಯ ಮೇಲೆ ಚಲಿಸಿತು. ರೈಲ್ವೆಯಲ್ಲಿರುವಂತೆ ಒಂದು ಕಡೆ ಕವಲು ಹಳಿ ಕೊಟ್ಟು ರೆಕ್ಕೆಯನ್ನು ಅದರ ಮೇಲೆ ಬೇರೆ ದಾರಿಗೆ ಹೊರಳಿಸಿದರು. ಮೇಲೆ ಬಿರುಗಾಳಿ, ಅಲೆ, ಕೂಗು. ಕೆಳಗೆ, ನೀರಿನಡಿ, ಅಳತೆ ತಪ್ಪದ ಕಂಬಿ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವ ಯೋಚನೆ ಇದು.

ಇದೆಲ್ಲ ಒಬ್ಬರ ಕೆಲಸವಲ್ಲ. ನಿರ್ಮಾಪಕ ವಾಲ್ಟರ್ ವ್ಯಾಂಗರ್ ಪತ್ರಕರ್ತ ವಿನ್ಸೆಂಟ್ ಶೀಆನ್ ಅವರ ಆತ್ಮಕಥನದ ಹಕ್ಕು ಕೊಂಡಿದ್ದರು. ಕೊನೆಗೆ ಆ ಪುಸ್ತಕದ್ದೆಂದು ಚಿತ್ರದಲ್ಲಿ ಉಳಿದದ್ದು ವಿದೇಶ ವರದಿಗಾರ ಎಂಬ ವೃತ್ತಿ ಮಾತ್ರ ಎನ್ನಬಹುದು. ಚಿತ್ರಕಥೆ ಚಾರ್ಲ್ಸ್ ಬೆನೆಟ್ ಮತ್ತು ಜೋನ್ ಹ್ಯಾರಿಸನ್ ಅವರದು. ಹಿಂದಿನ ವರ್ಷವಷ್ಟೇ ‘ಗಾನ್ ವಿತ್ ದ ವಿಂಡ್’ ವಿನ್ಯಾಸ ಮುಗಿಸಿದ್ದ ವಿಲಿಯಂ ಕ್ಯಾಮೆರಾನ್ ಮೆಂಜಿಸ್ ವಿಶೇಷ ದೃಶ್ಯಗಳ ರೂಪ ನೋಡಿಕೊಂಡರು, ಅಲೆಕ್ಸಾಂಡರ್ ಗೊಲಿಟ್ಜೆನ್ ಕಲಾ ನಿರ್ದೇಶಕ. ಛಾಯಾಗ್ರಾಹಕ ರುಡಾಲ್ಫ್ ಮಾಟೆ. ವಿಶೇಷ ಛಾಯಾಗ್ರಹಣ ಪಾಲ್ ಈಗ್ಲರ್. ನಾಯಕನ ಪಾತ್ರಕ್ಕೆ ಹಿಚ್‌ಕಾಕ್ ಮೊದಲು ಕೇಳಿದ್ದು ಗ್ಯಾರಿ ಕೂಪರ್ ಅವರನ್ನು. ಥ್ರಿಲ್ಲರ್ ಎಂದರೆ ಎರಡನೇ ದರ್ಜೆ ಎಂದು ದೊಡ್ಡ ನಟರು ಅಂದುಕೊಂಡಿದ್ದ ಕಾಲ, ಅವರು ಒಪ್ಪಲಿಲ್ಲ. ಜೋಯಲ್ ಮೆಕ್ರೀ ಬಂದರು.

ಶತ್ರುಗಳು ಹೊತ್ತೊಯ್ಯುವ ಮುದಿ ರಾಜತಂತ್ರಜ್ಞ ವಾನ್ ಮೀರ್ ಪಾತ್ರದ ಆಲ್ಬರ್ಟ್ ಬಾಸರ್‌ಮಾನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಜರ್ಮನ್ ರಂಗಭೂಮಿಯ ದೊಡ್ಡ ಹೆಸರು, ಹೆಂಡತಿ ಯಹೂದಿ. ನಾಜಿಗಳ ಆಳ್ವಿಕೆಯಲ್ಲಿ ದೇಶ ಬಿಟ್ಟು ಬಂದವರು. ಇಂಗ್ಲಿಷ್ ಬರುತ್ತಿರಲಿಲ್ಲ. ಮಾತುಗಳನ್ನು ಬರೀ ಉಚ್ಚಾರಣೆಯಾಗಿ ಬಾಯಿಪಾಠ ಮಾಡಿ ಆಡಿದರು, ಆಸ್ಕರ್ ಪೋಷಕ ನಟ ನಾಮನಿರ್ದೇಶನ ಪಡೆದರು. ಅವರನ್ನು ಪೀಡಿಸಿ ಕಸಿಯಲು ನೋಡುವ ಗುಟ್ಟು ಒಂದು ಒಪ್ಪಂದದ 27ನೇ ಕಲಮು, ಕಾಗದದ ಮೇಲೆ ಎಲ್ಲೂ ಬರೆಯದ್ದು. ಅದರಲ್ಲೇನಿದೆ ಎಂದು ತಲೆ ಕೆಡಿಸಿಕೊಳ್ಳಬೇಡಿ. ಎಲ್ಲರೂ ಅದರ ಬೆನ್ನು ಹತ್ತಿದ್ದಾರೆ ಎನ್ನುವುದಷ್ಟೇ ಕಥೆಗೆ ಸಾಕು.

ಹಾಲೆಂಡಿನ ಗಾಳಿಗಿರಣಿ ದೃಶ್ಯದಲ್ಲೂ ಅದೇ ಕೈ ಕಾಣುತ್ತದೆ. ಹಾಲೆಂಡ್ ಅಂದರೆ ಏನಿದೆ, ಗಾಳಿಗಿರಣಿ ಮತ್ತು ಟ್ಯೂಲಿಪ್ ಹೂವು ಎಂದು ಹಿಚ್‌ಕಾಕ್ ಶುರು ಮಾಡಿದರು. ಬಣ್ಣದ ಚಿತ್ರವಾಗಿದ್ದರೆ ಟ್ಯೂಲಿಪ್ ಹೊಲದಲ್ಲಿ ಕೊಲೆ ಮಾಡಿಸಿ, ಹೂವಿನ ಎಸಳಿನ ಮೇಲೆ ರಕ್ತದ ಹನಿ ಬೀಳಿಸುವ ಆಸೆ ಅವರಿಗಿತ್ತು. ಕಪ್ಪುಬಿಳುಪಿನಲ್ಲಿ ಗಾಳಿಗಿರಣಿ ಉಳಿಯಿತು. ನಾಯಕನ ಟೋಪಿ ಗಾಳಿಗೆ ಹಾರುತ್ತದೆ. ಗಾಳಿ ಎತ್ತ ಬೀಸುತ್ತಿದೆ ಎಂಬುದು ನಮಗೆ ಅಲ್ಲೇ ತಿಳಿಯಿತು. ಆಮೇಲೆ ನೋಡಿದರೆ ಒಂದು ಗಿರಣಿ ಗಾಳಿಗೆ ವಿರುದ್ಧ ತಿರುಗುತ್ತಿದೆ. ಅದು ಗೂಢಚಾರರು ತಮ್ಮ ವಿಮಾನಕ್ಕೆ ಕೊಡುತ್ತಿರುವ ಸನ್ನೆ. ಹಾಲೆಂಡಿನ ಗಿರಣಿಗಳಲ್ಲಿ ರೆಕ್ಕೆಗಳನ್ನು ಗಾಳಿಯ ಕಡೆಗೇ ತಿರುಗಿಸಿ ನಿಲ್ಲಿಸುತ್ತಾರೆ. ಹಿಂದಿನಿಂದ ಗಾಳಿ ಹೊಕ್ಕರೆ ರೆಕ್ಕೆ ಹೊತ್ತ ಗಿರಣಿಯ ಮೇಲಿನ ಟೊಪ್ಪಿಗೆಯೇ ಕಿತ್ತುಹೋಗುವ ಭಯವಿದೆ. ಯಾವ ಗಿರಣಿಯವನೂ ಮಾಡದ ತಪ್ಪು ಅದು. ಗೂಢಚಾರರನ್ನು ಹಿಡಿಸಲು ಇದಕ್ಕಿಂತ ಸಹಜವಾದ ಸುಳಿವು ಇನ್ನೇನು ಬೇಕು?

ಆಂಸ್ಟರ್‌ಡ್ಯಾಂ ಚೌಕದ ಕೊಲೆಯೂ ಹಾಗೆಯೇ. ಕ್ಯಾಮೆರಾದ ಪಕ್ಕದಲ್ಲಿ ಪಿಸ್ತೂಲು ಅಡಗಿಸಿದ ನಕಲಿ ಛಾಯಾಗ್ರಾಹಕ ಗುಂಡು ಹೊಡೆದು ಜನರ ನಡುವೆ ನುಸುಳುತ್ತಾನೆ. ಮೇಲಿನಿಂದ ನೋಡುವ ನಮಗೆ ಅವನು ಕಾಣುವುದಿಲ್ಲ, ಕಪ್ಪು ಕೊಡೆಗಳು ಒಂದೊಂದಾಗಿ ಅಲುಗುತ್ತ ಅವನ ದಾರಿಯನ್ನು ತೋರಿಸುತ್ತವೆ. ನಿಜವಾದ ಆಂಸ್ಟರ್‌ಡ್ಯಾಂನ ಹಿನ್ನೆಲೆ ಚಿತ್ರಗಳನ್ನು ತರಲು ಲಂಡನ್‌ನಿಂದ ಹೋದ ಛಾಯಾಗ್ರಾಹಕನ ಹಡಗಿಗೆ ಟಾರ್ಪಿಡೊ ಬಡಿದು ಅವನ ಸಲಕರಣೆಯೆಲ್ಲ ಮುಳುಗಿತು, ಎರಡನೇ ಸಲ ಹೋಗಬೇಕಾಯಿತು ಎಂದು ಹಿಚ್‌ಕಾಕ್ ನೆನಪಿಸಿಕೊಂಡಿದ್ದಾರೆ. ಯುದ್ಧ ಬರೀ ಕಥೆಯೊಳಗೆ ಇರಲಿಲ್ಲ.

ಆ ವರ್ಷದ ಆಸ್ಕರ್‌ಗೆ ಚಿತ್ರಕ್ಕೆ ಆರು ನಾಮನಿರ್ದೇಶನ ಬಂದವು, ವಿಶೇಷ ದೃಶ್ಯ ವಿಭಾಗವೂ ಸೇರಿ. ಒಂದೂ ಗೆಲ್ಲಲಿಲ್ಲ. ಅತ್ಯುತ್ತಮ ಚಿತ್ರ ಪ್ರಶಸ್ತಿ ಹಿಚ್‌ಕಾಕ್ ಅವರದೇ ‘ರೆಬೆಕಾ’ಕ್ಕೆ ಹೋಯಿತು. ವಿಶೇಷ ದೃಶ್ಯಗಳದ್ದು ‘ದ ಥೀಫ್ ಆಫ್ ಬಾಗ್ದಾದ್’ಗೆ. ಕಾಗದದ ಪರದೆಗೆ ಅನ್ಯಾಯವಾಯಿತು ಎಂದೇ ನನಗೆ ಅನ್ನಿಸುವುದು.

ವಿಮಾನದ ಶಾಟ್ ನೋಡಿದವರು ಅಲ್ಲಿಗೇ ನಿಲ್ಲಿಸದೆ ಕೊನೆಯ ದೃಶ್ಯವನ್ನೂ ನೋಡಬೇಕು. ಚಿತ್ರೀಕರಣ ಮುಗಿದ ಮೇಲೆ ಇಂಗ್ಲೆಂಡಿಗೆ ಹೋಗಿದ್ದ ಹಿಚ್‌ಕಾಕ್ 1940ರ ಜುಲೈ 3ರಂದು ಮರಳಿ, ಲಂಡನ್ ಮೇಲೆ ಬಾಂಬ್ ಬೀಳುವುದು ಇಂದೋ ನಾಳೆಯೋ ಎಂಬ ಸುದ್ದಿ ತಂದರು. ಚಿತ್ರಕಥೆಗಾರ ಬೆನ್ ಹೆಕ್ಟ್ ಅವರನ್ನು ಕರೆಸಿ ಹೊಸ ಮುಕ್ತಾಯ ಬರೆಸಿದರು, ಜುಲೈ 5ರಂದು ಚಿತ್ರಿಸಿದರು. ವರದಿಗಾರ ಲಂಡನ್‌ನ ರೇಡಿಯೋ ಕೋಣೆಯಿಂದ ಅಮೆರಿಕಕ್ಕೆ ಮಾತಾಡುತ್ತಿದ್ದಾನೆ. ಬಾಂಬಿನ ಸದ್ದು, ದೀಪ ಆರುತ್ತದೆ, ಅವನು ಮಾತು ನಿಲ್ಲಿಸುವುದಿಲ್ಲ. ಇಲ್ಲೂ ನಮ್ಮನ್ನು ಕೂರಿಸಿರುವುದು ಒಳಗೇ, ಅವನ ಪಕ್ಕದಲ್ಲಿ. ಚಿತ್ರ ಬಿಡುಗಡೆಯಾದದ್ದು ಆಗಸ್ಟ್ 16ರಂದು. ರಾತ್ರಿ ರಾತ್ರಿ ಲಂಡನ್ ಮೇಲೆ ಬಾಂಬ್ ಸುರಿಯುವುದು ಶುರುವಾದದ್ದು ಸೆಪ್ಟೆಂಬರ್ 7ರಂದು.