ಅಲ್ಲ ಸರ್, ಒಟ್ಟು ಎಷ್ಟು ಜನ?

ಈ ಮಂಗಳವಾರ ಬೆಳಗ್ಗೆ ಫೋನ್ ಬಂದಾಗ ಅಮ್ಮ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದರು. ಆ ಕಡೆ ಒಬ್ಬ ಹುಡುಗಿ. ದನಿ ಕೇಳಿದರೆ ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಕ್ಕಿಲ್ಲ. ನನ್ನ ನಂಬರ್ ಎಲ್ಲಿ ಸಿಕ್ಕಿತೋ. ಕಂಪನಿಯ ಹೆಸರು ಹೇಳಿದಳು. ನಿಮಗೂ ಗೊತ್ತಿರುವಂಥ ದೊಡ್ಡ ಹೆಸರು, ಅದಕ್ಕೇ ಇಲ್ಲಿ ಬೇಡ.

"ಸರ್, ನಿನ್ನೆ ಕಳಿಸಿದ ಫಾರ್ಮ್ ವಾಪಸ್ ಬಂದಿಲ್ಲ. ಇವತ್ತು ಸಂಜೆಯೊಳಗೆ ಬೇಕಿತ್ತು."

"ನೋಡಿದೆ. ಅದನ್ನ ನಾನ್ಯಾಕೆ ತುಂಬಬೇಕು ಅಂತ ಗೊತ್ತಾಗಲಿಲ್ಲ."

"ನಾನೇ ತುಂಬ್ತೀನಿ ಬಿಡಿ ಸರ್, ನೀವು ಹೇಳ್ತಾ ಹೋಗಿ. ನಿಮ್ಮ ಟೀಮಲ್ಲಿ ಎಷ್ಟು ಜನ ಇದ್ದಾರೆ?"

"ನಾನೊಬ್ಬನೇ."

"ಅಲ್ಲ ಸರ್, ಒಟ್ಟು."

"ಒಟ್ಟೂ ನಾನೊಬ್ಬನೇ ಕಣಮ್ಮಾ."

ಸ್ವಲ್ಪ ಹೊತ್ತು ಮಾತಿಲ್ಲ. ಕೀಬೋರ್ಡ್ ಕುಟ್ಟುವ ಸದ್ದು ಮಾತ್ರ ಕೇಳಿಸಿತು. ಆಮೇಲೆ, "ಸರಿ ಸರ್, ಸದ್ಯಕ್ಕೆ ಒಂದರಿಂದ ಐದು ಅಂತ ಹಾಕ್ತೀನಿ" ಅಂದಳು. ಅವಳ ಫಾರ್ಮಿನಲ್ಲಿ ಅದಕ್ಕಿಂತ ಕಡಿಮೆ ಇರಲಿಲ್ಲವಂತೆ.

ಆ ಮೇಲ್ ಶುರುವಾಗಿದ್ದೇ 'ಡಿಯರ್ ವೆಂಡರ್' ಅಂತ. ಜೊತೆಗೆ ಎಕ್ಸೆಲ್ ಹಾಳೆ, ಅದರಲ್ಲಿ 46 ಪ್ರಶ್ನೆ. ದೋಷ ಕಂಡರೆ ಎಷ್ಟು ಗಂಟೆಯಲ್ಲಿ ಸರಿಮಾಡುತ್ತೀರಿ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು, ನಿಮ್ಮ ಆಫೀಸಿಗೆ ಬೆಂಕಿ ಬಿದ್ದರೆ ಏನು ಏರ್ಪಾಡು. ನನ್ನ ಆಫೀಸು ಅಂದರೆ ಊಟದ ಮೇಜಿನ ಒಂದು ಮೂಲೆ. ಬೆಂಕಿ ಬಿದ್ದರೆ ಮೊದಲು ಅಮ್ಮನನ್ನು ಎಬ್ಬಿಸಬೇಕು, ಅವರಿಗೆ ಕಿವಿ ಸ್ವಲ್ಪ ಮಂದ.

ಇಷ್ಟೆಲ್ಲ ರಾಮಾಯಣ ಯಾವುದಕ್ಕೆ ಅಂದರೆ, ಹತ್ತು ವರ್ಷದ ಹಿಂದೆ ನಾನು ಬರೆದ ಒಂದು ಪುಟ್ಟ ಪ್ರೋಗ್ರಾಮಿಗೆ. ನಮ್ಮ ಚಿಕ್ಕಪ್ಪ ಮೇಷ್ಟರಾಗಿದ್ದವರು. ರಿಟೈರ್ ಆದಮೇಲೆ ಊರ ಜಾತ್ರೆಯ ಬಗ್ಗೆ ಅರವತ್ತು ಪುಟ ಬರೆದು, ದಾವಣಗೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಸಿಡಿಗೆ ಹಾಕಿಸಿಕೊಂಡಿದ್ದರು. ಅದನ್ನು ವಾಟ್ಸಾಪಿನಲ್ಲಿ ನೆಂಟರಿಗೆಲ್ಲ ಕಳಿಸಬೇಕು ಅನ್ನುವುದು ಅವರ ಆಸೆ. ನಾನು ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ.

ಹಳೆಯ 'ನುಡಿ', 'ಬರಹ' ತಂತ್ರಾಂಶಗಳಲ್ಲಿ ಟೈಪ್ ಮಾಡಿದವರಿಗೆ ಈ ಗೋಳು ಗೊತ್ತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿಕೊಂಡಿದ್ದವು. ಫಾಂಟ್ ತೆಗೆದರೆ 'ಕನ್ನಡ' ಅನ್ನುವ ಪದವೇ 'ಪಿ' ಅಕ್ಷರದಿಂದ ಶುರುವಾಗಿ, ನಡುವೆ ಒಂದು ಪೌಂಡ್ ಚಿಹ್ನೆ ಇಟ್ಟುಕೊಂಡು ಕೂರುತ್ತದೆ. 'ಮ'ಗೆ ಅಲ್ಲಿ ಸ್ವಂತ ಮನೆಯೇ ಇಲ್ಲ, 'ವ'ಗೆ ಒಂದು ಕೊಂಬು ಅಂಟಿಸಿದರೆ ಅದೇ 'ಮ'. ಎಲ್ಲಕ್ಕಿಂತ ಕಾಟ ಕೊಟ್ಟಿದ್ದು ಅರ್ಕಾವತ್ತು. ಕಾಗದದ ಮೇಲೆ ಅದು ಅಕ್ಷರ ಆದಮೇಲೆ ಬರುತ್ತದೆ. ಹಳೆಯ ಫಾಂಟಿನಲ್ಲೂ ಹಾಗೇ. ಈಗ ಫೋನು, ಕಂಪ್ಯೂಟರ್ ಎಲ್ಲ ಬಳಸುವ ಯೂನಿಕೋಡಿನಲ್ಲಿ ಮಾತ್ರ ಬಾಯಲ್ಲಿ ಹೇಳುವ ಕ್ರಮ, ಅಂದರೆ ಮೊದಲೇ ಬರಬೇಕು. ಅದನ್ನು ಎತ್ತಿ ಹಿಂದಕ್ಕಿಡಲು ಮರೆತರೆ 'ಕರ್ನಾಟಕ ಸರ್ಕಾರ' ಹೋಗಿ 'ಕನಾರ್ಟಕ ಸಕಾರ್ರ' ಆಗುತ್ತದೆ. ಇಂಥ ನೋಟೀಸುಗಳನ್ನು ನೀವೂ ಓದಿರುತ್ತೀರಿ.

ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವ ಬೇರೆ ಪರಿವರ್ತಕಗಳೂ ಆಗಲೇ ಇದ್ದವು. ನನಗೆ ಕೈ ಕೆರೆಯುತ್ತಿತ್ತು, ಸುಮ್ನೆ ಒಂದು ಬರೆದೆ. ಮೂರು ನಾಲ್ಕು ಶನಿವಾರ ಹಿಡಿಯಿತು. ಜನ ತಮ್ಮ ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಹಾಕಿ, ಎಂಐಟಿ ಪರವಾನಗಿ ಅಂಟಿಸಿದೆ. ದೊಡ್ಡ ತತ್ವ ಏನೂ ಇಲ್ಲ, ಓದಲು ಚಿಕ್ಕದಾಗಿತ್ತು ಅಷ್ಟೇ. ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಿ. ಆದರೆ ಇದು ಇದ್ದದ್ದು ಇದ್ದ ಹಾಗೆ, ಯಾವ ಭರವಸೆಯೂ ಇಲ್ಲ ಅಂತ ಅದರ ಕೊನೆಯಲ್ಲಿ ಪೂರ್ತಿ ದೊಡ್ಡಕ್ಷರಗಳಲ್ಲಿ ಕೂಗಿ ಹೇಳುತ್ತದೆ. ಕಂಪನಿಯ ವಕೀಲರು ಅದೊಂದನ್ನು ಬಿಟ್ಟು ಉಳಿದದ್ದನ್ನು ಓದಿರಬೇಕು.

ಎರಡು ವರ್ಷದಿಂದ ಅವರು ಅದನ್ನು ಬಳಸುತ್ತಿದ್ದಾರಂತೆ. ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ತಂದು ಅವರ ಯಾವುದೋ ಕಂಪ್ಯೂಟರ್ ಮಾದರಿಗೆ ಕನ್ನಡ ಕಲಿಸುವ ಕೆಲಸ. ಈಗ ಸಾಲು ಮುರಿಯುವ ಜಾಗದಲ್ಲೆಲ್ಲ ಅರ್ಕಾವತ್ತು ತಪ್ಪುತ್ತಿದೆ. "ಕನಾರ್ಟಕ ಅಂತ ಬರ್ತಿದೆ ಸರ್, ನಮ್ಮ ಕಡೆ ಇದು ತುಂಬ ಕ್ರಿಟಿಕಲ್" ಅಂದಳು. ನಿಜ ಹೇಳಬೇಕೆಂದರೆ ಅದನ್ನು ಕೇಳಿದಾಗ ನನಗೆ ಮೊದಲು ಆಗಿದ್ದು ಖುಷಿ. ಊಟದ ಮೇಜಿನ ಮೇಲೆ ಬರೆದದ್ದು ಅಲ್ಲಿಯವರೆಗೆ ಹೋಗಿದೆಯಲ್ಲ ಅಂತ. ಕೋಪ ಬರಲು ಅರ್ಧ ಗಂಟೆ ಬೇಕಾಯಿತು.

ಫೋನ್ ಇಟ್ಟಮೇಲೆ ಅಮ್ಮ ಕೇಳಿದರು, "ಯಾರೋ ಅದು?"

"ನನ್ನನ್ನ ವೆಂಡರ್ ಅಂತಿದ್ದಾರಮ್ಮ."

"ವೆಂಡರ್ ಅಂದ್ರೆ ತರಕಾರಿ ಗಾಡಿಯವನು ಅಲ್ವಾ? ಅವನಿಗಾದ್ರೆ ಕೈಗೆ ದುಡ್ಡು ಕೊಟ್ಟೇ ತಗೊಳ್ತೀವಪ್ಪ."

ಸಂಜೆ ಗೆಳೆಯನಿಗೆ ಹೇಳಿದೆ. ನನಗೆ ವಿಂಡೋಸ್ ಥರದ್ದೇ ಆದರೆ ಸ್ವತಂತ್ರವಾದ ಲಿನಕ್ಸ್ ಹಾಕಿಕೊಟ್ಟು ಈ ಹುಚ್ಚು ಹಿಡಿಸಿದವನೇ ಅವನು. 2015ರಲ್ಲಿ ಫೇಸ್‌ಬುಕ್‌ನವರು ಬಡವರಿಗೆ ಪುಕ್ಕಟೆ ಇಂಟರ್ನೆಟ್ ಅಂತ, ತಾವು ಆರಿಸಿದ ಕೆಲವು ತಾಣಗಳನ್ನು ಮಾತ್ರ ಕೊಡಲು ಹೊರಟಿದ್ದರಲ್ಲ, ಆಗ ಮದುವೆ ಮನೆಯಲ್ಲೂ ಜನರನ್ನು ಹಿಡಿದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ಗೆ ಮೇಲ್ ಹಾಕಿಸಿದ ಪುಣ್ಯಾತ್ಮ. ಆ ವರ್ಷ ದೇಶದಿಂದ ಹತ್ತು ಲಕ್ಷದ ಮೇಲೆ ಮೇಲ್ ಹೋಯಿತು. 2016ರ ಫೆಬ್ರವರಿ 8ರಂದು ಟ್ರಾಯ್ ಅಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. ಆ ರಾತ್ರಿ ಅವನು ನಮಗೆಲ್ಲ ಮಸಾಲೆ ದೋಸೆ ಕೊಡಿಸಿದ್ದ. ಈಗ ಅವನೂ ಒಂದು ದೊಡ್ಡ ಕಂಪನಿಯಲ್ಲಿದ್ದಾನೆ. ಇಂಥದೇ ಫಾರ್ಮುಗಳನ್ನು ಕಳಿಸುವ ವಿಭಾಗ.

"ತುಂಬಿ ಬಿಸಾಕೋ, ಏನೀಗ? ನೀನು ಅವತ್ತೇ ಜಿಪಿಎಲ್ ಹಾಕಬೇಕಿತ್ತು" ಅಂದ.

ಅದು ಪೂರ್ತಿ ಸರಿಯಲ್ಲ. ಜಿಪಿಎಲ್ ಅನ್ನುವ ಪರವಾನಗಿ ಇದ್ದರೆ ಪ್ರೋಗ್ರಾಮನ್ನು ಬೇರೆಯವರಿಗೆ ಹಂಚುವಾಗ ಮೂಲ ಕೋಡನ್ನೂ ಕೊಡಬೇಕು. ತಮ್ಮದೇ ಸರ್ವರಿನಲ್ಲಿ ಓಡಿಸಿಕೊಂಡರೆ ಏನೂ ಕೊಡಬೇಕಿಲ್ಲ. ಇವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಸಂಬಳ ಜಾಸ್ತಿ ಆದವರು ಗೊತ್ತಿರುವುದನ್ನು ಮರೆಯುವ ಚಂದವೇ ಬೇರೆ. ಹಾಗಂತ ನಾನೇನು ಸಾಚಾ? ನನ್ನ ಕೋಡ್ ಇಟ್ಟಿರುವ ಗಿಟ್‌ಹಬ್ಬನ್ನು 2018ರಲ್ಲಿ 750 ಕೋಟಿ ಡಾಲರ್ ಕೊಟ್ಟು ಕೊಂಡಿದ್ದು ಮೈಕ್ರೋಸಾಫ್ಟ್. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್ ಅಂದವರು ಆಗ ಅದೇ ಕಂಪನಿಯ ಮುಖ್ಯಸ್ಥರಾಗಿದ್ದ ಸ್ಟೀವ್ ಬಾಲ್ಮರ್. ಕೊಂಡ ಸುದ್ದಿ ಬಂದ ದಿನ ಎಲ್ಲ ಕಿತ್ತುಕೊಂಡು ಬೇರೆ ಕಡೆ ಹೋಗುತ್ತೇನೆ ಅಂತ ಕೂಗಾಡಿದ್ದೆ. ಹೋಗಲಿಲ್ಲ. ಗಂಟು ಕಟ್ಟಲು ಸೋಮಾರಿತನ.

ನನ್ನದು ಹೊಸ ಕತೆಯೇನಲ್ಲ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರ 'ಕರ್ಲ್' ಅನ್ನುವ, ಇಂಟರ್ನೆಟ್ಟಿನಿಂದ ಕಡತ ತರುವ ತಂತ್ರಾಂಶ ನಿಮ್ಮ ಫೋನಿನಲ್ಲಿದೆ, ಟಿವಿಯಲ್ಲಿದೆ, ಬಹುಶಃ ಕಾರಿನಲ್ಲೂ ಇದೆ. 2021ರ ಡಿಸೆಂಬರಿನಲ್ಲಿ 'ಲಾಗ್‌ಫೋರ್‌ಜೆ' ಅನ್ನುವ ತಂತ್ರಾಂಶದಲ್ಲಿ ಭದ್ರತೆಯ ದೊಡ್ಡ ತೂತು ಸಿಕ್ಕಿ ಲೋಕವೆಲ್ಲ ಗಾಬರಿಬಿದ್ದಿತ್ತು. ಮುಂದಿನ ತಿಂಗಳು ಅವರಿಗೂ ಒಂದು ಭಾರಿ ಕಂಪನಿಯಿಂದ ಮೇಲ್ ಬಂತು. ನಿಮ್ಮಲ್ಲೂ ಇದು ಇದೆಯಾ, ಇಪ್ಪತ್ತನಾಲ್ಕು ಗಂಟೆಯಲ್ಲಿ ಉತ್ತರಿಸಿ ಅಂತ. ಅವರಿಗೂ ಆ ಕಂಪನಿಗೂ ಯಾವ ಒಪ್ಪಂದವೂ ಇರಲಿಲ್ಲ. ಬೆಂಬಲದ ಒಪ್ಪಂದಕ್ಕೆ ಸಹಿ ಮಾಡಿ, ಸಂತೋಷವಾಗಿ ಉತ್ತರಿಸುತ್ತೇನೆ ಅಂತ ಅವರು ಬರೆದರು. ಆ ಗಟ್ಟಿತನ ನನಗೆ ಬಾರದು. ನಾನಾಗಲೇ 'ಕಣಮ್ಮಾ' ಅಂದು ಅರ್ಧ ಫಾರ್ಮ್ ತುಂಬಿಸಿದ್ದೆನಲ್ಲ.

ರಾತ್ರಿ ಮಲಗಿದರೂ ಅದೇ ಮಾತು. ಅಲ್ಲ ಸರ್, ಒಟ್ಟು. ಅವಳ ದನಿಯಲ್ಲಿ ದರ್ಪ ಇರಲಿಲ್ಲ, ನಿಜವಾದ ಆಶ್ಚರ್ಯ ಇತ್ತು. ಒಬ್ಬನೇ ಅನ್ನುವುದು ಅವಳ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಆಗ 'ಎಕ್ಸ್‌ಜೆಡ್' ನೆನಪಾಯಿತು. ಕಡತಗಳನ್ನು ಕುಗ್ಗಿಸುವ ಆ ಪ್ರೋಗ್ರಾಮ್ ಲಿನಕ್ಸ್ ಇರುವ ಬಹುತೇಕ ಕಡೆ ಇದೆ. ನೋಡಿಕೊಳ್ಳುತ್ತಿದ್ದವರು ಫಿನ್‌ಲ್ಯಾಂಡಿನ ಲಾಸೆ ಕಾಲಿನ್, ಹೆಚ್ಚುಕಡಿಮೆ ಒಬ್ಬರೇ. ದಣಿದಿದ್ದರು, ಅದನ್ನು ಹೇಳಿಕೊಂಡೂ ಇದ್ದರು. ಜಿಯಾ ಟಾನ್ ಅನ್ನುವ ಹೆಸರಿನಲ್ಲಿ ಒಬ್ಬ ಬಂದ. ಎರಡು ವರ್ಷಕ್ಕೂ ಮೇಲೆ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಕೆದಕಿದ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದರು. ಅವರು ಇದ್ದದ್ದು ಮೈಕ್ರೋಸಾಫ್ಟಿನಲ್ಲೇ, ಇದನ್ನೂ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಅಷ್ಟು ವರ್ಷ ಅದನ್ನು ಬಳಸಿದ ಕಂಪನಿಗಳು ಎಷ್ಟೋ. ಅಲ್ಲಿ ಇರುವುದು ಒಬ್ಬನೇ ಅಂತ ಸರಿಯಾಗಿ ಲೆಕ್ಕ ಹಾಕಿದ್ದು ಆ ಕಳ್ಳ.

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸ್ವತಂತ್ರ ತಂತ್ರಾಂಶಕ್ಕೆಂದು ಗ್ನೂ ಯೋಜನೆ ಘೋಷಿಸಿದಾಗಿನಿಂದ ಅವರ ಬಳಗದ್ದು ಒಂದೇ ಗೋಳು. ಇಂಗ್ಲಿಷಿನಲ್ಲಿ ಸ್ವತಂತ್ರಕ್ಕೂ ಪುಕ್ಕಟೆಗೂ 'ಫ್ರೀ' ಅನ್ನುವ ಒಂದೇ ಪದ, ಜನ ತಪ್ಪು ತಿಳಿಯುತ್ತಾರೆ ಅಂತ. ನಮಗೆ ಆ ಕಷ್ಟವಿಲ್ಲ, ಸ್ವತಂತ್ರ ಬೇರೆ, ಪುಕ್ಕಟೆ ಬೇರೆ ಅಂತ ನಾನು ಹೆಮ್ಮೆಪಡುತ್ತಿದ್ದೆ. ಈ ವಾರ ಮೂರನೆಯ ಪದ ನೆನಪಾಯಿತು. ಬಿಟ್ಟಿ. ದುಡ್ಡಿಲ್ಲದೆ ಸಿಕ್ಕಿದ್ದೂ ಬಿಟ್ಟಿ. ಗೌಡರ ಹೊಲದಲ್ಲಿ ಕೂಲಿಯಿಲ್ಲದೆ ಮಾಡಿಸಿಕೊಳ್ಳುತ್ತಿದ್ದ ಚಾಕರಿಯೂ ಬಿಟ್ಟಿಯೇ. ತೆಗೆದುಕೊಳ್ಳುವವನ ಕಡೆಯಿಂದ ನೋಡಿದರೆ ಒಂದು, ದುಡಿಯುವವನ ಕಡೆಯಿಂದ ಇನ್ನೊಂದು. ನಾನು ಕೊಟ್ಟಾಗ ಅದು ಬಿಟ್ಟಿ ಚಾಕರಿ ಆಗಿರಲಿಲ್ಲ. ಪ್ರೀತಿಗೆ ಮಾಡಿದ್ದು. 'ಇವತ್ತು ಸಂಜೆಯೊಳಗೆ' ಅಂದಾಗ ಆಯಿತು.

ಇದೇ ಬಿಸಿಯಲ್ಲಿ ಬುಧವಾರ ಒಂದು ಖಾರವಾದ ಉತ್ತರ ಬರೆಯಲು ಕೂತೆ. 'ಈ ತಂತ್ರಾಂಶವನ್ನು ನಾನೊಬ್ಬನೇ, ಯಾರ ಸಹಾಯವೂ ಇಲ್ಲದೆ' ಅಂತ ಶುರುಮಾಡಿದೆ. ಅಲ್ಲಿಗೇ ಬೆರಳು ನಿಂತಿತು.

ಯಾಕೆಂದರೆ ಅದು ಸುಳ್ಳು. ಅರ್ಕಾವತ್ತಿನ ಮೊದಲ ತಪ್ಪನ್ನು ತಿದ್ದಿ ಕಳಿಸಿದ್ದು ನಾನು ಮುಖ ನೋಡದ ಒಬ್ಬ ಕಾಲೇಜು ಹುಡುಗ. ಅದನ್ನು ಬರೆದ ಪೈಥಾನ್ ಭಾಷೆ ನಾನು ಮಾಡಿದ್ದಲ್ಲ. ನುಡಿಯ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ಕರ್ಲ್ ಕೂಡ ಬ್ರೆಜಿಲ್‌ನ ಒಬ್ಬರು ಬರೆದಿಟ್ಟಿದ್ದ ಪುಟ್ಟ ಪ್ರೋಗ್ರಾಮಿನಿಂದಲೇ ಬೆಳೆದದ್ದು. ಬೆರಳು ಮಡಿಸುತ್ತಾ ಹೋದರೆ ಹುಡುಗಿಯ 'ಒಂದರಿಂದ ಐದು' ಎಂದೋ ದಾಟಿಹೋಯಿತು.

ಎಲ್ಲಕ್ಕಿಂತ ಮೊದಲು ಆ ಡಿಟಿಪಿ ಅಂಗಡಿಯ ಯಜಮಾನರು. ಯಾವ ತುಂಡು ಯಾವ ಅಕ್ಷರ ಅಂತ ತಿಳಿಯದೆ ಒದ್ದಾಡುತ್ತಿದ್ದಾಗ ಚಿಕ್ಕಪ್ಪ ಅವರ ಹತ್ತಿರ ಕರೆದುಕೊಂಡು ಹೋಗಿದ್ದರು. ಲಗ್ನಪತ್ರಿಕೆಗಳ ರಾಶಿಯ ಕೆಳಗಿಂದ ಒಂದು ಉದ್ದ ನೋಟ್‌ಬುಕ್ ಎಳೆದರು. ಪೇಜ್‌ಮೇಕರಿನಲ್ಲಿ ಅಕ್ಷರ ಕೆಟ್ಟಾಗಲೆಲ್ಲ ನೋಡಿಕೊಳ್ಳಲು ಅಂತ ಅವರೇ ಕೂತು, ಒಂದೊಂದು ಚಿಹ್ನೆಯ ಎದುರಿಗೆ ಒಂದೊಂದು ಕನ್ನಡದ ತುಂಡನ್ನು ಕೈಯಲ್ಲಿ ಬರೆದಿಟ್ಟ ಪಟ್ಟಿ. ಒತ್ತುಗಳು ಕೆಂಪು ಶಾಯಿಯಲ್ಲಿ. "ಜೆರಾಕ್ಸ್ ಮಾಡಿಸ್ಕಂಡು ವಾಪಸ್ ಕೊಡು ತಮ್ಮಾ" ಅಂದರು. ಜೆರಾಕ್ಸಿನ ದುಡ್ಡನ್ನೂ ಅವರೇ ಕೊಟ್ಟರು. ಆ ಪಟ್ಟಿ ಹಾಗೇ ನನ್ನ ಕೋಡಿನೊಳಗೆ ಕೂತಿದೆ. ಅದೇ ಅದರ ಹೊಟ್ಟೆ, ಉಳಿದದ್ದೆಲ್ಲ ಕೈಕಾಲು. ಅವರ ಹೆಸರು ಎಲ್ಲೂ ಇಲ್ಲ. ಪರವಾನಗಿಯ ಮೇಲೆ ಹಕ್ಕುಗಳು ಅಂತ ಇರುವುದು ನನ್ನೊಬ್ಬನ ಹೆಸರು.

ಬರೆದಿದ್ದನ್ನು ಅಳಿಸಿ ಚಿಕ್ಕಪ್ಪನಿಂದ ನಂಬರ್ ತೆಗೆದುಕೊಂಡು ಗುರುವಾರ ಫೋನ್ ಮಾಡಿದೆ. ಅಂಗಡಿ ಮುಚ್ಚಿ ಬಹಳ ದಿನ ಆಯಿತಂತೆ, ಮಗನ ಮನೆಯಲ್ಲಿದ್ದಾರೆ. ಮೊದಲು ಗುರುತು ಹತ್ತಲಿಲ್ಲ. ಜಾತ್ರೆ ಪುಸ್ತಕ ಅಂದಮೇಲೆ "ಹಾ, ಮೇಷ್ಟ್ರ ಅಣ್ಣನ ಮಗ" ಅಂದರು. ಕಂಪನಿ, ಫಾರ್ಮು, ಎಲ್ಲ ಹೇಳಿದೆ. ನನ್ನ ನೋಟ್‌ಬುಕ್ ಅಷ್ಟು ದೂರ ಹೋತೇನು ಅಂತ ನಕ್ಕರು. ನಿಮ್ಮ ಹೆಸರು ಹಾಕುತ್ತೇನೆ, ಹತ್ತು ವರ್ಷ ತಡವಾಯಿತು ಅಂದೆ.

"ಹಾಕಪ್ಪಾ, ಬ್ಯಾಡ ಅನ್ನಲ್ಲ. ಆದ್ರ ನನ್ನ ಹೆಸರಾಗ ಅರ್ಕಾವತ್ತೈತಿ. ನೋಡ್ಕಂಡು ಹಾಕು."

ಶುಕ್ರವಾರ ರಾತ್ರಿ ಕೂತು ಸಾಲು ಮುರಿಯುವ ಜಾಗದ ದೋಷ ಸರಿಮಾಡಿದೆ. ಅವರ ಹೆಸರನ್ನೇ ನುಡಿಯಲ್ಲಿ ಟೈಪ್ ಮಾಡಿ, ನಡುವೆ ಸಾಲು ಮುರಿದು, ಓಡಿಸಿ ನೋಡಿದೆ. ಮೂರನೆಯ ಸಲಕ್ಕೆ ಸರಿಯಾಗಿ ಬಂತು. ಹುಡುಗಿಯ ಫಾರ್ಮ್ ಇನ್ನೂ ಹಾಗೇ ಇದೆ.