ಬಾಲ್ಟಿಮೋರಿನ ಎರಡನೆಯ ಹೆಸರು

ಮೇರಿಲ್ಯಾಂಡ್‌ಗೆ ಬಂದ ಹೊಸತರಲ್ಲಿ, ಶುಕ್ರವಾರ ಬಂತೆಂದರೆ ಕಚೇರಿಯ ಅರ್ಧದಷ್ಟು ಮಂದಿ ನೇರಳೆ ಅಂಗಿ ತೊಟ್ಟು ಬರುವುದನ್ನು ಕಂಡು, ಇದೂ ಯಾವುದೋ ವ್ರತವಿರಬೇಕೆಂದು ಭಾವಿಸಿದ್ದೆ. ಅದು ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡವಾದ ಬಾಲ್ಟಿಮೋರ್ ರೇವನ್ಸ್‌ನ ಬಣ್ಣ. ಈಗ ನನ್ನಲ್ಲಿಯೂ ಅಂಥದೊಂದು ಅಂಗಿಯಿದೆ; ಅದರ ಬೆನ್ನಿನ ಮೇಲಿರುವ 89, ಮಾರ್ಕ್ ಆಂಡ್ರ್ಯೂಸ್‌ನ ಸಂಖ್ಯೆ.

ಆಂಡ್ರ್ಯೂಸ್ ಟೈಟ್ ಎಂಡ್, ಅಂದರೆ ಅಮೆರಿಕನ್ ಫುಟ್‌ಬಾಲಿನ ಆಲ್‌ರೌಂಡರ್. ಒಂದು ಗಳಿಗೆ ನೆಲಕ್ಕೆ ಕೈಯೂರಿ ಬಾಗಿ, ತನಗಿಂತ ದಪ್ಪನೆಯ ಎದುರಾಳಿಯನ್ನು ಎದೆಯೊಡ್ಡಿ ತಡೆಯಬೇಕು. ಮರುಗಳಿಗೆಯಲ್ಲಿ ಓಡಿಹೋಗಿ ಚೆಂಡು ಹಿಡಿಯಬೇಕು. ಕಾಲೇಜು ತಂಡಗಳು ಈಗ ಟೈಟ್ ಎಂಡ್ ಆಟಗಾರನನ್ನು ಹೆಚ್ಚಾಗಿ ಚೆಂಡು ಹಿಡಿಯಲೆಂದೇ ದೂರ ನಿಲ್ಲಿಸುವುದರಿಂದ, ತಡೆಯುವ ವಿದ್ಯೆಯನ್ನು ಅವನು ವೃತ್ತಿಪರ ತಂಡಕ್ಕೆ ಬಂದ ಮೇಲೆಯೇ ಕಲಿಯಬೇಕಾಗುತ್ತದೆ. ಯಾರು ಪಳಗುತ್ತಾರೆ, ಯಾರು ಹಾಗೆಯೇ ಉಳಿಯುತ್ತಾರೆ ಎಂಬುದು ತಿಳಿಯಲು ಎರಡು ಮೂರು ವರ್ಷಗಳೇ ಬೇಕು.

ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳಲು ಏಪ್ರಿಲ್‌ನಲ್ಲಿ ನಡೆಯುವ ಡ್ರಾಫ್ಟ್‌ನಲ್ಲಿ ಐಪಿಎಲ್ ಹರಾಜಿನಂತೆ ಹಣದ ಕೂಗಾಟವಿಲ್ಲ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಮೊದಲು ಆರಿಸುತ್ತದೆ. ಹೀಗೆ ಏಳು ಸುತ್ತು. ಟೈಟ್ ಎಂಡ್ ವಿಷಯದಲ್ಲಿ ರೇವನ್ಸ್ ತಂಡದವರು ಕಂಡುಕೊಂಡ ಉಪಾಯವೆಂದರೆ ಒಬ್ಬನನ್ನಲ್ಲ, ಒಂದೇ ಡ್ರಾಫ್ಟ್‌ನಲ್ಲಿ ಇಬ್ಬರನ್ನು ತೆಗೆದುಕೊಳ್ಳುವುದು. ದೀರ್ಘಕಾಲ ತಂಡದ ಆಯ್ಕೆಗಳನ್ನು ನಡೆಸಿದ ಓಜಿ ನ್ಯೂಸಮ್ ತಾವೇ ಹಿಂದೆ ಹೆಸರಾಂತ ಟೈಟ್ ಎಂಡ್ ಆಗಿದ್ದವರು ಎಂಬುದು ಇಲ್ಲಿ ಕಾಕತಾಳೀಯವೆಂದು ನನಗೆ ತೋರುವುದಿಲ್ಲ.

2010ರಲ್ಲಿ ಮೂರನೆಯ ಸುತ್ತಿನಲ್ಲಿ ಎಡ್ ಡಿಕ್ಸನ್, ನಾಲ್ಕನೆಯದರಲ್ಲಿ ಡೆನಿಸ್ ಪಿಟ್ಟಾ ಬಂದರು. 2013ರ ಫೆಬ್ರುವರಿಯಲ್ಲಿ ಗೆದ್ದ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಫೈನಲ್‌ನಲ್ಲಿ, ಟಚ್‌ಡೌನ್ (ಗೋಲಿನಂಥದ್ದು) ಹೊಡೆದವರಲ್ಲಿ ಪಿಟ್ಟಾ ಒಬ್ಬ. 2015ರಲ್ಲಿ ಎರಡನೆಯ ಸುತ್ತಿನ ಮ್ಯಾಕ್ಸ್ ವಿಲಿಯಮ್ಸ್‌ಗಿಂತ ಐದನೆಯ ಸುತ್ತಿನ ನಿಕ್ ಬಾಯ್ಲ್ ಇಲ್ಲಿ ಹೆಚ್ಚು ಕಾಲ ನೆಲೆನಿಂತ. ದೊಡ್ಡ ಪಣವೊಡ್ಡಿದ್ದು 2018ರಲ್ಲಿ: ಮೊದಲ ಸುತ್ತಿನ 25ನೆಯ ಆಯ್ಕೆಯನ್ನೇ ಹೇಡನ್ ಹರ್ಸ್ಟ್‌ಗಾಗಿ ವ್ಯಯಿಸಿದರು. ಬೇಸ್‌ಬಾಲ್ ಬಿಟ್ಟು ಫುಟ್‌ಬಾಲಿಗೆ ಮರಳಿದ್ದ ಆತನಿಗೆ ಆಗಲೇ 25ರ ಹತ್ತಿರದ ವಯಸ್ಸು, ಜೊತೆಗೆ ಮೊದಲ ವರ್ಷವೇ ಪಾದದ ಗಾಯ. ಮೂರನೆಯ ಸುತ್ತಿನಲ್ಲಿ 86ನೆಯವನಾಗಿ ಬಂದ ಆಂಡ್ರ್ಯೂಸ್ 2021ರಲ್ಲಿ 107 ಬಾರಿ ಚೆಂಡು ಹಿಡಿದು 1361 ಗಜ ಗಳಿಸಿದ. ಹರ್ಸ್ಟ್‌ನನ್ನು 2020ರಲ್ಲೇ ಅಟ್ಲಾಂಟಾಕ್ಕೆ ಕಳುಹಿಸಿಯಾಗಿತ್ತು.

ಆದರೂ ಹರ್ಸ್ಟ್ ವ್ಯರ್ಥವಾದನೆನ್ನಲಾಗದು. 2019ರಲ್ಲಿ ಹರ್ಸ್ಟ್, ಆಂಡ್ರ್ಯೂಸ್, ಬಾಯ್ಲ್ ಮೂವರನ್ನೂ ಬಳಸಿಕೊಂಡು, ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಚೆಂಡನ್ನು ಎಸೆಯುವನೋ ತಾನೇ ಹಿಡಿದು ಓಡುವನೋ ಎಂದು ಎದುರಾಳಿಗಳು ತಬ್ಬಿಬ್ಬಾಗುತ್ತಿದ್ದಾಗಲೇ, ತಂಡವು ಓಟದಿಂದ 3296 ಗಜ ಕ್ರಮಿಸಿ ಲೀಗಿನ ದಾಖಲೆ ಬರೆಯಿತು.

ನ್ಯೂಸಮ್ ಅವರ ನಂತರ ಬಂದ ಎರಿಕ್ ಡಿಕಾಸ್ಟಾ ಜೋಡಿಯನ್ನು ಬಿಡಲಿಲ್ಲ, ಬೆಲೆಯನ್ನು ಮಾತ್ರ ಇಳಿಸಿದರು. 2022ರಲ್ಲಿ ಇಬ್ಬರೂ ನಾಲ್ಕನೆಯ ಸುತ್ತಿನಲ್ಲೇ ಬಂದರು. ಆ ಶನಿವಾರ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಕುಳಿತಿದ್ದೆವು. 128ನೆಯ ಆಯ್ಕೆಯಾಗಿ ಚಾರ್ಲಿ ಕೋಲರ್ ಹೆಸರು ಕೇಳಿಬಂದಾಗ ನಾನು ಚಪ್ಪಾಳೆ ತಟ್ಟಿದೆ. ಅವರು ತಟ್ಟಲಿಲ್ಲ, ಎದ್ದು ಹೋಗಿ ಚಹಾ ತಂದರು. ಹನ್ನೊಂದು ಹೆಸರುಗಳ ಬಳಿಕ ಐಸಾಯಾ ಲೈಕ್ಲಿಯ ಹೆಸರು ಬಂದಾಗ ಲೋಟವನ್ನು ಕೆಳಗಿಟ್ಟು, “ಈಗ ತಟ್ಟು” ಎಂದರು.